ಪೇರೆಂಟ್ ಸ್ಕ್ರಿಪ್ಟಿಂದ ಚೈಲ್ಡ್ ಆಬ್ಜೆಕ್ಟ್ ಹಿಡಿಯೋಕೆ ಯೂನಿಟಿಯಲ್ಲಿ ಯಾವ ದಾರಿ ಒಳ್ಳೇದು?

ಗೇಮ್ ಮಾಡೋ ಸಾಫ್ಟ್‌ವೇರ್ ಯೂನಿಟಿ ಕಲಿಯೋಕೆ ಶುರು ಮಾಡಿದ ಮೊದಲ ವಾರದಲ್ಲೇ ಎಲ್ರೂ ಬಂದು ನಿಲ್ಲೋ ಜಾಗ ಇದು. ಸ್ಕ್ರಿಪ್ಟ್, ಅಂದ್ರೆ ನಮ್ಮ ಕೋಡು, ಪೇರೆಂಟ್ ಆಬ್ಜೆಕ್ಟ್ ಮೇಲಿದೆ, ಆ ಪೇರೆಂಟ್ ಒಳಗೆ ನಾಲ್ಕಾರು ಚೈಲ್ಡ್ ಆಬ್ಜೆಕ್ಟ್ ಇದಾವೆ, ಒಂದರ ಬಣ್ಣ ಬದಲಾಯಿಸ್ಬೇಕು, ಇನ್ನೊಂದನ್ನ ಆಫ್ ಮಾಡ್ಬೇಕು, ಕೋಡಲ್ಲಿ ಅದನ್ನ ಹಿಡಿಯೋದು ಹೇಗೆ? ಹುಡುಕಿದ್ರೆ ಐದಾರು ಉತ್ತರ ಸಿಗತ್ತೆ, ಎಲ್ಲವೂ ಕೆಲಸ ಮಾಡತ್ತೆ, ಅದಕ್ಕೇ ಮೊದಲು ಕಣ್ಣಿಗೆ ಬಿದ್ದಿದ್ದನ್ನ ಕಾಪಿ ಮಾಡ್ಕೊಂಡು ಮುಂದೆ ಹೋಗ್ಬಿಡ್ತೀವಿ. ತೊಂದ್ರೆ ಬರೋದು ಅವತ್ತಲ್ಲ. ಮೂರು ತಿಂಗಳಾದ್ಮೇಲೆ ಯಾರೋ ಹೈರಾರ್ಕಿಯಲ್ಲಿ (ಆಬ್ಜೆಕ್ಟ್‌ಗಳ ಪಟ್ಟಿ ಇರೋ ಕಿಟಕಿ) ಒಂದು ಹೆಸರು ಬದಲಾಯಿಸಿದಾಗ, ಅಥವಾ ಒಂದು ಸ್ಪ್ರೈಟ್, ಅಂದ್ರೆ 2ಡಿ ಚಿತ್ರ, ಮೇಲೆ ಕೆಳಗೆ ಮಾಡಿದಾಗ, ಸಂಬಂಧನೇ ಇಲ್ಲದ ಕಡೆ ಗೇಮ್ ಒಡೆಯತ್ತೆ.

ಹಾಗಾಗಿ ಯಾವುದು ಫಾಸ್ಟ್, ಯಾವುದು ಸ್ಲೋ ಅನ್ನೋದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳ್ಕೋಬೇಕು ಅಂತ ನನ್ನ ಅನಿಸಿಕೆ: ಈ ದಾರಿ ಯಾವುದನ್ನ ನಂಬ್ಕೊಂಡಿದೆ? ಇನ್‌ಸ್ಪೆಕ್ಟರಲ್ಲಿ (ಸೆಲೆಕ್ಟ್ ಮಾಡಿದ ಆಬ್ಜೆಕ್ಟಿನ ವಿವರ ತೋರಿಸೋ ಕಿಟಕಿ) ಎಳೆದು ಹಾಕಿದ್ರೆ ಆ ಆಬ್ಜೆಕ್ಟನ್ನೇ ನಂಬ್ತೀವಿ. ಗೆಟ್‌ಚೈಲ್ಡ್ ಬಳಸಿದ್ರೆ ಅದು ಸಾಲಲ್ಲಿ ಎಷ್ಟನೇದು ಅನ್ನೋದನ್ನ ನಂಬ್ತೀವಿ. ಫೈಂಡ್ ಬಳಸಿದ್ರೆ ಹೆಸರನ್ನ, ಗೆಟ್‌ಕಾಂಪೊನೆಂಟ್‌ಇನ್‌ಚಿಲ್ಡ್ರನ್ ಬಳಸಿದ್ರೆ ಅದರ ಮೇಲೆ ಯಾವ ಕಾಂಪೊನೆಂಟ್ (ಆಬ್ಜೆಕ್ಟಿಗೆ ಅಂಟಿಸೋ ಸ್ಕ್ರಿಪ್ಟಿನಂಥ ಭಾಗ) ಇದೆ ಅನ್ನೋದನ್ನ. ಕ್ಲಾಸಲ್ಲಿ ಒಬ್ಬ ಹುಡುಗನ್ನ ಹಾಜರಿ ನಂಬರಿಂದ ಕರೆಯೋದಕ್ಕೂ, ಹೆಸರಿಂದ ಕರೆಯೋದಕ್ಕೂ, ನೇರವಾಗಿ ಹೋಗಿ ಹೆಗಲು ಮುಟ್ಟೋದಕ್ಕೂ ಇರೋ ವ್ಯತ್ಯಾಸವೇ ಇದು, ಮಧ್ಯದಲ್ಲಿ ಒಂದು ಹೊಸ ಅಡ್ಮಿಷನ್ ಆದ್ರೆ ನಂಬರುಗಳೆಲ್ಲ ಜಾರ್ತವೆ, ಒಂದೇ ಹೆಸರಿನ ಇಬ್ಬರು ಬಂದ್ರೆ ತಪ್ಪು ಹುಡುಗ ಎದ್ದು ನಿಲ್ತಾನೆ.

ಉದಾಹರಣೆಗೆ ನಾನು ಚೌಕಾಬಾರನೇ ತಗೊಳ್ತೀನಿ, ಯಾಕಂದ್ರೆ ಅದನ್ನ ಯೂನಿಟಿಯಲ್ಲಿ ಮಾಡ್ತಾ ಮಾಡ್ತಾನೇ ಇದೆಲ್ಲ ನನ್ನ ತಲೆಗೆ ಇಳಿದಿದ್ದು. ಆಟ ಗೊತ್ತಿಲ್ದೇ ಇರೋರಿಗೆ ಎರಡು ಮಾತು: 5 ಸಾಲು 5 ಕಾಲಂ, ಒಟ್ಟು 25 ಮನೆ. ಹೊರಗಿನ ಸುತ್ತಲ್ಲಿ 16, ಒಳಗಿನ ಸುತ್ತಲ್ಲಿ 8, ನಡುವೆ ಒಂದು. ಒಬ್ಬೊಬ್ರಿಗೆ 4 ಕಾಯಿ, ಗರ ಹಾಕೋಕೆ 4 ಕವಡೆ, ಕಾಯಿ ಹೊರಗಿನ ಸುತ್ತು ಮುಗಿಸಿ ಒಳಗೆ ಹೋಗಿ ನಡುಮನೆ ಸೇರಿದ್ರೆ ಹಣ್ಣಾಯ್ತು. ಹೈರಾರ್ಕಿಯಲ್ಲಿ ಬೋರ್ಡ್ ಅನ್ನೋ ಪೇರೆಂಟ್ ಒಳಗೆ 25 ಮನೆ, ಪ್ರತಿ ಆಟಗಾರನ ಪೇರೆಂಟ್ ಒಳಗೆ 4 ಕಾಯಿ, ಕವಡೆ ಗುಂಪಿನ ಒಳಗೆ 4 ಕವಡೆ, ಕ್ಯಾನ್ವಾಸ್ ಒಳಗೆ ಗರ ತೋರಿಸೋ ಟೆಕ್ಸ್ಟು ಮತ್ತೆ ಒಂದು ಬಟನ್. ಇಷ್ಟು ಚಿಕ್ಕ ಗೇಮಲ್ಲೇ ಎಲ್ಲ ದಾರಿಗಳ ಒಳ್ಳೇದು ಕೆಟ್ಟದ್ದು ಎರಡೂ ಕಾಣಿಸತ್ತೆ.

ಶುರು ಮಾಡೋ ಮುಂಚೆ ಒಂದು ಸಣ್ಣ ವಿಷಯ, ತುಂಬಾ ಜನ ಇಲ್ಲೇ ಎಡವ್ತಾರೆ. ಯಾರು ಯಾರ ಮಗು ಅನ್ನೋ ಲೆಕ್ಕ ಯೂನಿಟಿಯಲ್ಲಿ ಇರೋದು ಗೇಮ್‌ಆಬ್ಜೆಕ್ಟ್ ಹತ್ರ ಅಲ್ಲ, ಅದರ ಸ್ಥಾನ, ತಿರುವು, ಅಳತೆ ಇಟ್ಕೊಳ್ಳೋ ಟ್ರಾನ್ಸ್‌ಫಾರ್ಮ್ ಹತ್ರ. ಅದಕ್ಕೇ ಗೇಮ್‌ಆಬ್ಜೆಕ್ಟ್ ಮೇಲೆ ಡಾಟ್ ಒತ್ತಿ ಗೆಟ್‌ಚೈಲ್ಡ್ ಹುಡುಕಿದ್ರೆ ಸಿಗಲ್ಲ, ಟ್ರಾನ್ಸ್‌ಫಾರ್ಮ್ ಮೇಲೆ ಹುಡುಕ್ಬೇಕು, ಸಿಗೋದೂ ಚೈಲ್ಡ್‌ನ ಟ್ರಾನ್ಸ್‌ಫಾರ್ಮೇ. ಅದನ್ನ ಆನ್ ಆಫ್ ಮಾಡ್ಬೇಕಿದ್ರೆ ಅದರಿಂದ ಡಾಟ್ ಗೇಮ್‌ಆಬ್ಜೆಕ್ಟ್‌ಗೆ ಹೋಗಿ ಆಮೇಲೆ ಸೆಟ್‌ಆಕ್ಟಿವ್ ಕರೀಬೇಕು.

ಎಳೆದು ಹಾಕೋದು

ಚೈಲ್ಡ್ ಮೊದಲೇ ಪ್ರಿಫ್ಯಾಬಲ್ಲಿ (ಕಾಪಿ ತೆಗೆಯೋಕೆ ಮಾಡಿಟ್ಟ ಅಚ್ಚು) ಅಥವಾ ಸೀನಲ್ಲಿ ಇದೆ, ಎಷ್ಟು ಅಂತ ಗೊತ್ತಿದೆ, ಒಂದೊಂದರ ಕೆಲಸನೂ ಬೇರೆ ಬೇರೆ ಅಂದ್ರೆ ಬೇರೆ ಯೋಚನೆನೇ ಬೇಡ. ಸೀರಿಯಲೈಜ್‌ಫೀಲ್ಡ್ ಅಂತ ಮೇಲೆ ಬರೆದು ಕೆಳಗೆ ಪ್ರೈವೇಟ್ ಫೀಲ್ಡ್ ಇಡಿ, ಇನ್‌ಸ್ಪೆಕ್ಟರಲ್ಲಿ ಚೈಲ್ಡ್ ಎಳೆದು ಅದರೊಳಗೆ ಹಾಕಿ, ಮುಗೀತು. ಗರ ತೋರಿಸೋ ಟೆಕ್ಸ್ಟು, ಬಟನ್, ಕಾಯಿಯ ನೆರಳು, ಇಂಥವಕ್ಕೆಲ್ಲ ಇದೇ ಸರಿ. ಆಮೇಲೆ ಚೈಲ್ಡ್‌ನ ಹೆಸರು ಬದಲಾಯಿಸಿ, ಸಾಲಲ್ಲಿ ಮೇಲೆ ಕೆಳಗೆ ಮಾಡಿ, ಇನ್ನೊಂದು ಖಾಲಿ ಆಬ್ಜೆಕ್ಟ್ ಒಳಗೆ ತಳ್ಳಿ, ಏನೂ ಆಗಲ್ಲ, ಕೊಂಡಿ ಹಾಗೇ ಇರತ್ತೆ.

ಇದರ ಬಗ್ಗೆ ಹೊಸಬರಿಗೆ ಒಂದು ಭಯ ಇರತ್ತೆ: ಪ್ರಿಫ್ಯಾಬಿಂದ 4 ಆಟಗಾರರನ್ನ ಹುಟ್ಟಿಸಿದ್ರೆ ನಾಲ್ಕೂ ಜನ ಒಂದೇ ಚೈಲ್ಡನ್ನ ಹಿಡ್ಕೊಂಡು ಬಿಡ್ತಾರಾ ಅಂತ. ಇಲ್ಲ. ಇನ್‌ಸ್ಟ್ಯಾನ್ಷಿಯೇಟ್ ಮಾಡುವಾಗ ಪ್ರಿಫ್ಯಾಬ್ ಒಳಗಿನ ಕೊಂಡಿಗಳನ್ನ ಯೂನಿಟಿ ಆ ಕಾಪಿಯ ಒಳಗಿನ ಚೈಲ್ಡ್‌ಗಳಿಗೇ ತಿರುಗಿಸತ್ತೆ. ಕೆಂಪು ಆಟಗಾರನ ಸ್ಕ್ರಿಪ್ಟಿಗೆ ಕೆಂಪು ಆಟಗಾರನ ಕಾಯಿಗಳೇ ಸಿಗ್ತವೆ. ಇದು ಗೊತ್ತಾದ ದಿನದಿಂದ ನಾನು ಹುಡುಕೋ ಕೋಡ್ ಬರೆಯೋದನ್ನ ಅರ್ಧಕ್ಕರ್ಧ ಬಿಟ್ಟೆ.

ಎಳೆಯುವಾಗ ಫೀಲ್ಡ್‌ನ ಟೈಪನ್ನ ಗೇಮ್‌ಆಬ್ಜೆಕ್ಟ್ ಅಂತ ಇಡಬೇಡಿ, ನಿಮಗೆ ನಿಜವಾಗ್ಲೂ ಬೇಕಾಗಿರೋ ಕಾಂಪೊನೆಂಟ್‌ನ ಟೈಪೇ ಇಡಿ. ಸ್ಪ್ರೈಟ್‌ರೆಂಡರರ್ ಬೇಕಿದ್ರೆ ಅದೇ, ನಿಮ್ಮ ಕಾಯಿ ಸ್ಕ್ರಿಪ್ಟ್ ಬೇಕಿದ್ರೆ ಅದೇ. ಆಬ್ಜೆಕ್ಟನ್ನ ಎಳೆದು ಹಾಕಿದ್ರೂ ಯೂನಿಟಿ ಅದರ ಮೇಲಿರೋ ಆ ಕಾಂಪೊನೆಂಟನ್ನ ತಾನೇ ಹಿಡ್ಕೊಳ್ಳತ್ತೆ, ಆಮೇಲೆ ಗೆಟ್‌ಕಾಂಪೊನೆಂಟ್ ಕರೆಯೋ ಕೆಲಸ ಉಳಿಯಲ್ಲ, ತಪ್ಪು ಆಬ್ಜೆಕ್ಟ್ ಹಾಕೋಕೂ ಬಿಡಲ್ಲ. ಟೆಕ್ಸ್ಟ್‌ಮೆಶ್‌ಪ್ರೊ ಬಳಸೋರು ಟಿಎಂಪಿ ಅಂಡರ್‌ಸ್ಕೋರ್ ಟೆಕ್ಸ್ಟ್ ಅನ್ನೋ ಟೈಪ್ ಇಟ್ಕೊಳ್ಳಿ, ಕ್ಯಾನ್ವಾಸ್ ಒಳಗಿನ ಟೆಕ್ಸ್ಟಿಗೂ ಹೊರಗಿನದಕ್ಕೂ ಅದೊಂದೇ ಸಾಕು, ಇಲ್ಲಾಂದ್ರೆ ಎಳೆದಿದ್ದು ಯಾಕೆ ಒಳಗೆ ಕೂರ್ತಿಲ್ಲ ಅಂತ ಅರ್ಧ ಗಂಟೆ ಹೋಗತ್ತೆ.

ಕೊಂಡಿ ಕಳಚೋದು ಎರಡು ಕಡೆ. ಒಂದು, ಫೀಲ್ಡ್‌ನ ಹೆಸರನ್ನ ಕೋಡಲ್ಲಿ ಬದಲಾಯಿಸಿದ್ರೆ ಎಳೆದಿದ್ದೆಲ್ಲ ಖಾಲಿ ಆಗತ್ತೆ, ಅದಕ್ಕೆ ಫಾರ್ಮರ್ಲಿ‌ಸೀರಿಯಲೈಜ್ಡ್‌ಆ್ಯಸ್ ಅನ್ನೋ ಗುರುತಲ್ಲಿ ಹಳೇ ಹೆಸರು ಬರೆದಿಟ್ರೆ ಉಳಿಯತ್ತೆ. ಎರಡು, ಚೈಲ್ಡನ್ನ ಡಿಲೀಟ್ ಮಾಡಿ ಅದೇ ಹೆಸರಲ್ಲಿ ಹೊಸದು ಮಾಡಿದ್ರೆ. ಹೆಸರು ಒಂದೇ ಇದ್ರೂ ಆಬ್ಜೆಕ್ಟ್ ಬೇರೆ ತಾನೇ. ಎರಡೂ ಕಡೆ ಪ್ಲೇ ಮಾಡಿದ್ಮೇಲೆ ಕೋಡು ಆ ಫೀಲ್ಡನ್ನ ಬಳಸೋಕೆ ಹೋದ ಕೂಡ್ಲೇ ಎಡಿಟರ್ ಯಾವ ಸ್ಕ್ರಿಪ್ಟಿನ ಯಾವ ಫೀಲ್ಡ್ ಖಾಲಿ ಅಂತ ಹೆಸರು ಸಮೇತ ಕನ್ಸೋಲಲ್ಲಿ ಹೇಳತ್ತೆ, ಅದನ್ನ ಹುಡುಕೋಕೆ ಕಷ್ಟ ಪಡಬೇಕಾಗಿಲ್ಲ.

25 ಮನೆಗಳನ್ನೂ ಒಂದೊಂದಾಗಿ ಎಳೀಬೇಕಾ ಅಂತ ಕೇಳ್ತೀರ. ಬೇಡ. ಬೋರ್ಡ್ ಸೆಲೆಕ್ಟ್ ಮಾಡಿ ಇನ್‌ಸ್ಪೆಕ್ಟರಿನ ಮೇಲಿರೋ ಬೀಗದ ಚಿತ್ರ ಒತ್ತಿ, ಆಮೇಲೆ ಹೈರಾರ್ಕಿಯಲ್ಲಿ 25ನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಅರೇ ಫೀಲ್ಡಿನ ಹೆಸರಿನ ಮೇಲೆ ಬಿಟ್ರೆ ಎಲ್ಲವೂ ಒಂದೇ ಸಲ ಕೂರ್ತವೆ. ಬಿದ್ದ ಮೇಲೆ ಸಾಲು ಸರಿ ಇದ್ಯಾ ಅಂತ ಒಂದ್ಸಲ ಕಣ್ಣಾಡಿಸಿ.

ನಂಬರ್ ಹಿಡಿದು ಹೋಗೋದು

ಗೆಟ್‌ಚೈಲ್ಡ್‌ಗೆ ಒಂದು ನಂಬರ್ ಕೊಟ್ರೆ ಆ ಸ್ಥಾನದಲ್ಲಿರೋ ನೇರ ಚೈಲ್ಡ್ ಸಿಗತ್ತೆ, ಎಣಿಕೆ 0ಯಿಂದ ಶುರು, ಒಟ್ಟು ಎಷ್ಟಿದೆ ಅನ್ನೋದು ಚೈಲ್ಡ್‌ಕೌಂಟಲ್ಲಿ. ಆಫ್ ಆಗಿರೋ ಚೈಲ್ಡೂ ಲೆಕ್ಕಕ್ಕೆ ಬರತ್ತೆ. ಇಲ್ಲದ ನಂಬರ್ ಕೇಳಿದ್ರೆ ಟ್ರಾನ್ಸ್‌ಫಾರ್ಮ್ ಚೈಲ್ಡ್ ಔಟ್ ಆಫ್ ಬೌಂಡ್ಸ್ ಅಂತ ಕೆಂಪಕ್ಷರದಲ್ಲಿ ಬರತ್ತೆ.

ಸಾಲೇ ಅರ್ಥ ಆಗಿರೋ ಕಡೆ ಇದು ತುಂಬಾ ಚೆನ್ನಾಗಿ ಕೂರತ್ತೆ. ಚೌಕಾಬಾರದ ಹೊರಸುತ್ತನ್ನೇ ನೋಡಿ. 16 ಮನೆಗಳನ್ನ ಹೊರಸುತ್ತು ಅನ್ನೋ ಒಂದು ಪೇರೆಂಟ್ ಒಳಗೆ ಕಾಯಿ ನಡೆಯೋ ಕ್ರಮದಲ್ಲೇ ಇಟ್ರೆ, ಒಬ್ಬ ಆಟಗಾರನ ಕಟ್ಟೆಮನೆ, ಅಂದ್ರೆ ಅವನ ಕಾಯಿ ಹೊರಡೋ ಮನೆ, 0 ಆದ್ರೆ ಉಳಿದ ಮೂವರದ್ದು 4, 8, 12 ಆಗತ್ತೆ. ಕಾಯಿ ಎಲ್ಲಿದೆ ಅನ್ನೋಕೆ ಶುರುವಿನ ನಂಬರಿಗೆ ನಡೆದ ಹೆಜ್ಜೆ ಕೂಡಿಸಿ 16ರಿಂದ ಭಾಗಿಸಿ ಉಳಿದ ಶೇಷ ತಗೊಂಡ್ರೆ ಸಾಕು, ಆ ಶೇಷವೇ ಗೆಟ್‌ಚೈಲ್ಡ್‌ಗೆ ಕೊಡೋ ನಂಬರ್. 12ರಿಂದ ಹೊರಟ ಕಾಯಿ 7 ಹೆಜ್ಜೆ ನಡೆದ್ರೆ 19, ಶೇಷ 3, ಅಂದ್ರೆ ಸುತ್ತಿ ಬಂದು ಮೊದಲನೇ ಆಟಗಾರನ ಕಟ್ಟೆಮನೆ ದಾಟಿ ಮೂರನೇ ಮನೆ. ಇಷ್ಟು ಚೊಕ್ಕವಾಗಿ ಬೇರೆ ಯಾವ ದಾರಿಯಲ್ಲೂ ಬರಲ್ಲ. ವೇಪಾಯಿಂಟ್‌ಗಳು, ಲೆವೆಲ್ ಬಟನ್‌ಗಳ ಸಾಲು, ರೇಸಿನ ಚೆಕ್‌ಪಾಯಿಂಟ್‌ಗಳು, ಇವೆಲ್ಲ ಇದೇ ಗುಂಪಿಗೆ ಸೇರ್ತವೆ.

ಆದ್ರೆ ಆ ಪೇರೆಂಟ್ ಒಳಗೆ ಮನೆಗಳನ್ನ ಬಿಟ್ಟು ಬೇರೇನೂ ಇರಬಾರದು. ನಮ್ಮ ಗೇಮಲ್ಲಿ ಒಂದ್ಸಲ ಚಿತ್ರ ಬರೆಯೋ ಗೆಳೆಯ ಮನೆಗಳ ಮೇಲೆ ಸೀಮೆಸುಣ್ಣದ ಗೆರೆ ಕಾಣಿಸ್ಲಿ ಅಂತ ಒಂದು ಸ್ಪ್ರೈಟನ್ನ ಅದೇ ಪೇರೆಂಟಿನ ಮೊದಲನೇ ಚೈಲ್ಡ್ ಮಾಡಿ ಇಟ್ಟಿದ್ದ. ಅವನ ಪ್ರಕಾರ ಅದು ಸರಿಯಾದ ಜಾಗನೇ. ಅಲ್ಲಿಂದ ಎಲ್ಲ ಕಾಯಿಗಳೂ ಇರಬೇಕಾದ್ದಕ್ಕಿಂತ ಒಂದು ಮನೆ ಹಿಂದೆ ನಿಲ್ಲೋಕೆ ಶುರುವಾಯ್ತು, ಎರರ್ ಒಂದೂ ಇಲ್ಲ, ಗರ ಸರಿ ಇದೆ, ಲೆಕ್ಕ ಸರಿ ಇದೆ, ಕಾಯಿ ಮಾತ್ರ ತಪ್ಪು. ಗೆಟ್‌ಚೈಲ್ಡ್‌ನ ದೊಡ್ಡ ದೋಷವೇ ಇದು: ತಪ್ಪಾದಾಗ ಸುಮ್ಮನಿರತ್ತೆ. ಕ್ಯಾನ್ವಾಸ್ ಒಳಗಂತೂ ಇನ್ನೂ ಅಪಾಯ, ಅಲ್ಲಿ ಯಾವುದು ಮೇಲೆ ಕಾಣಬೇಕು ಅನ್ನೋದು ಸಾಲಿನ ಕ್ರಮದಿಂದಲೇ ತೀರ್ಮಾನ ಆಗೋದು, ಒಂದು ಪ್ಯಾನೆಲ್ ಮುಂದೆ ಬರ್ಲಿ ಅಂತ ಸೆಟ್‌ಆ್ಯಸ್‌ಲಾಸ್ಟ್‌ಸಿಬ್ಲಿಂಗ್ ಕರೆದ್ರೆ ಸಾಕು, ನಂಬರುಗಳೆಲ್ಲ ಅದಲು ಬದಲು. ಹಾಗಾಗಿ ಕ್ಯಾನ್ವಾಸಲ್ಲಿ ಗೆಟ್‌ಚೈಲ್ಡ್ 2 ಅಂತೆಲ್ಲ ಬರೆದಿರೋದು ಕಂಡ್ರೆ ನಾನು ಅಲ್ಲೇ ನಿಲ್ಲಿಸಿ ಬದಲಾಯಿಸ್ತೀನಿ.

ಎಲ್ಲ ನೇರ ಚೈಲ್ಡ್‌ಗಳ ಮೇಲೂ ಒಂದೇ ಕೆಲಸ ಮಾಡ್ಬೇಕು, ನಂಬರ್ ಬೇಡ ಅಂದ್ರೆ ಫಾರ್‌ಈಚಲ್ಲಿ ಟ್ರಾನ್ಸ್‌ಫಾರ್ಮ್ ಮೇಲೇ ಸುತ್ತಬಹುದು. ಇದು ಮೊಮ್ಮಕ್ಕಳ ಹತ್ರ ಹೋಗಲ್ಲ, ಒಂದೇ ಮಟ್ಟ.

ಹೆಸರು ಹಿಡಿದು ಹುಡುಕೋದು

ಟ್ರಾನ್ಸ್‌ಫಾರ್ಮ್ ಡಾಟ್ ಫೈಂಡ್. ಟ್ಯುಟೋರಿಯಲ್‌ಗಳಲ್ಲಿ ಅತಿ ಹೆಚ್ಚು ಕಾಣೋದು ಇದೇ, ನಾನು ಅತಿ ಕಡಿಮೆ ಬಳಸೋದೂ ಇದೇ. ಇದರ ಜೊತೆ ಗೇಮ್‌ಆಬ್ಜೆಕ್ಟ್ ಡಾಟ್ ಫೈಂಡ್ ಅಂತ ಇನ್ನೊಂದಿದೆ, ಎರಡನ್ನೂ ಒಂದೇ ಅಂದ್ಕೊಳ್ಳೋರು ತುಂಬಾ ಜನ. ಟ್ರಾನ್ಸ್‌ಫಾರ್ಮಿಂದು ತನ್ನ ನೇರ ಚೈಲ್ಡ್‌ಗಳಲ್ಲಿ ಮಾತ್ರ ಹುಡುಕತ್ತೆ, ಆಫ್ ಆಗಿದ್ರೂ ಹುಡುಕಿ ಕೊಡತ್ತೆ. ಗೇಮ್‌ಆಬ್ಜೆಕ್ಟಿಂದು ಇಡೀ ಸೀನನ್ನೇ ಜಾಲಾಡತ್ತೆ, ಆಫ್ ಆಗಿರೋದು ಅದಕ್ಕೆ ಕಾಣಲ್ಲ. ಆಟ ಮುಗಿದಾಗ ತೋರಿಸೋಕೆ ಅಂತ ಆಫ್ ಮಾಡಿಟ್ಟ ಪ್ಯಾನೆಲನ್ನ ಗೇಮ್‌ಆಬ್ಜೆಕ್ಟ್ ಫೈಂಡಿಂದ ಹುಡುಕಿ ನಲ್ (ಏನೂ ಸಿಗಲಿಲ್ಲ ಅನ್ನೋ ಉತ್ತರ) ಬರ್ತಿದೆ ಅಂತ ಕೇಳೋರಿಗೆ ಉತ್ತರ ಇಷ್ಟೇ.

ಮೊಮ್ಮಕ್ಕಳು ಬೇಕಿದ್ರೆ ಫೈಂಡಿಗೆ ದಾರಿ ಬರೆದು ಕೊಡಬೇಕು, ಮಧ್ಯೆ ಸ್ಲ್ಯಾಶ್ ಹಾಕಿ, ಕೈ ಸ್ಲ್ಯಾಶ್ ಕತ್ತಿ ಅನ್ನೋ ಥರ. ಸುಮ್ನೆ ಕತ್ತಿ ಅಂತ ಕೊಟ್ರೆ ಒಳಗೆ ಇಳಿದು ಹುಡುಕಲ್ಲ, ನಲ್ ಕೊಟ್ಟು ಸುಮ್ಮನಾಗತ್ತೆ. ಇಂಗ್ಲಿಷಲ್ಲಿ ಹೆಸರಿಟ್ಟಿದ್ರೆ ದೊಡ್ಡಕ್ಷರ ಚಿಕ್ಕಕ್ಷರ ಕೂಡ ಸರಿಯಾಗಿ ಹೊಂದಬೇಕು, ಕೊನೇಲಿ ಒಂದು ಸ್ಪೇಸ್ ಉಳಿದಿದ್ರೂ ಸಿಗಲ್ಲ, ಆ ಸ್ಪೇಸು ಹೈರಾರ್ಕಿಯಲ್ಲಿ ಕಣ್ಣಿಗೂ ಕಾಣಲ್ಲ. ಪ್ರಿಫ್ಯಾಬಿಂದ ಹುಟ್ಟಿದ ಆಬ್ಜೆಕ್ಟಿನ ಹೆಸರಿನ ಕೊನೆಗೆ ಯೂನಿಟಿ ಕ್ಲೋನ್ ಅಂತ ಸೇರಿಸತ್ತೆ, ಅದನ್ನ ಮರೆತು ಹಳೇ ಹೆಸರಿಂದ ಹುಡುಕಿದ್ರೂ ಇದೇ ಗತಿ.

ಹಾಗಾದ್ರೆ ಇದು ಯಾವಾಗ ಬೇಕು? ಹೊರಗಿಂದ ತಂದ 3ಡಿ ಮಾಡೆಲ್ ಒಳಗಿನ ಮೂಳೆಗಳಂಥವಕ್ಕೆ, ಅಂದ್ರೆ ಹೆಸರನ್ನ ನೀವಲ್ಲ ಬೇರೆ ಯಾರೋ ಪಕ್ಕಾ ಮಾಡಿಟ್ಟಿರೋ ಕಡೆ. ಅಲ್ಲೂ ಮನುಷ್ಯಾಕಾರದ ಮಾಡೆಲ್ ಆಗಿದ್ರೆ ಇನ್ನೂ ಒಳ್ಳೇ ದಾರಿ ಇದೆ: ಅನಿಮೇಟರಿನ ಗೆಟ್‌ಬೋನ್‌ಟ್ರಾನ್ಸ್‌ಫಾರ್ಮ್‌ಗೆ ಬಲಗೈ ಅಂತ ಕೇಳಿದ್ರೆ ಅದೇ ಹುಡುಕಿ ಕೊಡತ್ತೆ, ರಿಗ್ ಹ್ಯೂಮನಾಯ್ಡ್ ಅಂತ ಸೆಟ್ ಆಗಿರಬೇಕು ಅಷ್ಟೇ. ಮಿಕ್ಸಾಮೊ ಅನ್ನೋ ವೆಬ್‌ಸೈಟಿಂದ ಇಳಿಸಿದ ಮಾಡೆಲಲ್ಲಿ ಮೂಳೆಗಳ ಹೆಸರಿನ ಶುರುವಲ್ಲಿ ಮಿಕ್ಸಾಮೊರಿಗ್ ಅಂತ ಒಂದು ಪದ ಅಂಟಿರತ್ತೆ, ಬೇರೆ ಕಡೆಯಿಂದ ತಂದಿದ್ರಲ್ಲಿ ಇರಲ್ಲ, ಹೆಸರು ನಂಬಿ ಬರೆದ ಕೋಡು ಮಾಡೆಲ್ ಬದಲಾಯಿಸಿದ ದಿನ ಬಿದ್ದೋಗತ್ತೆ, ಗೆಟ್‌ಬೋನ್‌ಟ್ರಾನ್ಸ್‌ಫಾರ್ಮ್ ಬೀಳಲ್ಲ. ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಆಪ್ಟಿಮೈಜ್ ಗೇಮ್ ಆಬ್ಜೆಕ್ಟ್ಸ್ ಅನ್ನೋ ಟಿಕ್ ಬಿದ್ದಿದ್ರೆ ಮೂಳೆಗಳು ಹೈರಾರ್ಕಿಯಲ್ಲೇ ಇರಲ್ಲ, ಆಗ ಫೈಂಡಿಗೆ ಏನೂ ಸಿಗಲ್ಲ, ಬೇಕಾದ ಮೂಳೆಯನ್ನ ಅಲ್ಲೇ ಇರೋ ಪಟ್ಟಿಯಿಂದ ಹೊರಗೆ ಬಿಡಿಸಿ ಇಟ್ಕೋಬೇಕು.

ಹೆಸರಿನ ಮೇಲೆ ಇನ್ನೊಬ್ರೂ ಕಣ್ಣಿಟ್ಟಿರ್ತಾರೆ ಅನ್ನೋದನ್ನೂ ನೆನಪಿಡಿ. ಅನಿಮೇಷನ್ ಕ್ಲಿಪ್ಪುಗಳು ಚೈಲ್ಡನ್ನ ಗುರುತಿಸೋದು ಹೆಸರಿನ ದಾರಿಯಿಂದಲೇ. ನೀವು ಫೈಂಡ್ ಬಳಸದೇ ಇದ್ರೂ ಚೈಲ್ಡ್‌ನ ಹೆಸರು ಬದಲಾಯಿಸಿದ್ರೆ ಅನಿಮೇಷನ್ ವಿಂಡೋದಲ್ಲಿ ಆ ಸಾಲು ಹಳದಿ ಬಣ್ಣಕ್ಕೆ ತಿರುಗಿ ಮಿಸ್ಸಿಂಗ್ ಅಂತ ಬರತ್ತೆ.

ಕಾಂಪೊನೆಂಟ್ ಹಿಡಿದು ಹುಡುಕೋದು

ನನಗೆ ತುಂಬಾ ಇಷ್ಟವಾದ ದಾರಿ ಇದು, ಅತಿ ಹೆಚ್ಚು ಪೆಟ್ಟು ತಿಂದಿರೋದೂ ಇದರ ಕೈಯಲ್ಲೇ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ.

ಒಂದೇ ಥರದ ಚೈಲ್ಡ್‌ಗಳು ಹಲವಾರು ಇದ್ದು, ಎಷ್ಟು ಅನ್ನೋದು ಮುಂದೆ ಬದಲಾಗಬಹುದು ಅಂದ್ರೆ ಪ್ರತಿಯೊಂದರ ಮೇಲೂ ಒಂದು ಚಿಕ್ಕ ಸ್ಕ್ರಿಪ್ಟ್ ಇಡಿ, ಪೇರೆಂಟಿನ ಅವೇಕಲ್ಲಿ (ಶುರುವಿನಲ್ಲಿ ಒಮ್ಮೆ ಓಡೋ ಮೆಥಡ್) ಗೆಟ್‌ಕಾಂಪೊನೆಂಟ್ಸ್‌ಇನ್‌ಚಿಲ್ಡ್ರನ್ ಒಂದ್ಸಲ ಕರೆದು ಅರೇಯಲ್ಲಿ ಇಟ್ಕೊಳ್ಳಿ. ಕವಡೆಗೆ ಕವಡೆ ಅನ್ನೋ ಸ್ಕ್ರಿಪ್ಟು, ಅದರಲ್ಲಿ ಉರುಳು ಅನ್ನೋ ಒಂದು ಮೆಥಡ್, ಬಾಯಿ ಮೇಲಿದ್ಯಾ ಅನ್ನೋ ಒಂದು ಬೂಲ್. ಪೇರೆಂಟ್ ನಾಲ್ಕಕ್ಕೂ ಉರುಳು ಅನ್ನತ್ತೆ, ಬಾಯಿ ಮೇಲಾಗಿ ಬಿದ್ದಿದ್ದನ್ನ ಎಣಿಸತ್ತೆ, ನಾಲ್ಕೂ ಮೇಲಾದ್ರೆ ಚೌಕ ಅಂದ್ರೆ 4, ಒಂದೂ ಇಲ್ಲಾಂದ್ರೆ ಬಾರ ಅಂದ್ರೆ 8. ಕವಡೆಯ ಒಳಗೆ ಸ್ಪ್ರೈಟ್ ಎಲ್ಲಿದೆ, ನೆರಳು ಎಲ್ಲಿದೆ, ಸದ್ದು ಎಲ್ಲಿಂದ ಬರತ್ತೆ ಅನ್ನೋದೆಲ್ಲ ಪೇರೆಂಟಿಗೆ ಗೊತ್ತಿರಬೇಕಾಗಿಲ್ಲ. ಪೇರೆಂಟ್ ಮೊಮ್ಮಕ್ಕಳವರೆಗೂ ಕೈ ಹಾಕ್ತಿದೆ ಅಂದ್ರೆ ಮಧ್ಯದಲ್ಲಿ ಒಂದು ಸ್ಕ್ರಿಪ್ಟ್ ಕಾಣೆಯಾಗಿದೆ ಅಂತಲೇ ನಾನು ತಿಳ್ಕೊಳ್ಳೋದು.

ಈಗ ಪೆಟ್ಟು. ಈ ಮೆಥಡ್ ಹೆಸರಲ್ಲಿ ಚಿಲ್ಡ್ರನ್ ಅಂತಿದ್ರೂ ಹುಡುಕಾಟ ಶುರು ಮಾಡೋದು ಪೇರೆಂಟಿಂದಲೇ. ನಾನು ಶುರುವಿನಲ್ಲಿ ಮನೆಗಳಿಗೆ ಸ್ಕ್ರಿಪ್ಟ್ ಯಾಕೆ ಅಂತ ಟ್ರಾನ್ಸ್‌ಫಾರ್ಮ್ ಟೈಪನ್ನೇ ಕೊಟ್ಟು ಮನೆಗಳನ್ನ ತಗೊಂಡಿದ್ದೆ. ಮೊದಲ ಕಾಯಿ ತನ್ನ ಕಟ್ಟೆಮನೆ ಬಿಟ್ಟು ಸೀದಾ ಬೋರ್ಡಿನ ನಡುಮನೆಯಲ್ಲಿ ಹೋಗಿ ಕೂತಿತ್ತು, ಆಟ ಶುರುವಾಗೋ ಮೊದಲೇ ಹಣ್ಣು! ಅರೇಯ 0ನೇ ಜಾಗದಲ್ಲಿ ಇದ್ದಿದ್ದು ಮನೆ ಅಲ್ಲ, ಬೋರ್ಡಿನದೇ ಟ್ರಾನ್ಸ್‌ಫಾರ್ಮ್, ಬೋರ್ಡಿನ ಸ್ಥಾನ ಅಂದ್ರೆ ಸರಿಯಾಗಿ ಬೋರ್ಡಿನ ನಡು. ಮನೆ ಅನ್ನೋ ಖಾಲಿ ಸ್ಕ್ರಿಪ್ಟನ್ನ 25 ಮನೆಗೂ ಹಾಕಿ ಆ ಟೈಪ್ ಕೇಳಿದ್ಮೇಲೆ ಸರಿಯಾಯ್ತು. ಒಂದು ಸಾಲೂ ಕೋಡ್ ಇಲ್ಲದ ಸ್ಕ್ರಿಪ್ಟ್ ಕೂಡ ಗುರುತಿನ ಚೀಟಿ ಥರ ಕೆಲಸಕ್ಕೆ ಬರತ್ತೆ.

ಎರಡನೇದು, ಇದು ಮೊಮ್ಮಕ್ಕಳು ಮರಿಮಕ್ಕಳನ್ನೆಲ್ಲ ಸೇರಿಸ್ಕೊಂಡು ಬರತ್ತೆ. ಕೆಂಪು ಆಟಗಾರನ ಕಾಯಿಗಳಿಗೆಲ್ಲ ಕೆಂಪು ಬಣ್ಣ ಬಳಿಯೋಣ ಅಂತ ಎಲ್ಲ ಸ್ಪ್ರೈಟ್‌ರೆಂಡರರ್ ತಗೊಂಡ್ರೆ ಕಾಯಿಯ ಕೆಳಗಿರೋ ನೆರಳೂ ಕೆಂಪಾಗತ್ತೆ.

ಮೂರನೇದೇ ನಿಜವಾದ ಏಟು. ಇದು ಆಫ್ ಆಗಿರೋ ಗೇಮ್‌ಆಬ್ಜೆಕ್ಟ್‌ಗಳನ್ನ ಬಿಟ್ಟು ಮುಂದೆ ಹೋಗತ್ತೆ, ನೀವಾಗೇ ಟ್ರೂ ಅಂತ ಕೊಟ್ರೆ ಮಾತ್ರ ಅವನ್ನೂ ಸೇರಿಸ್ಕೊಳ್ಳತ್ತೆ. ಒಂದು ದಿನ ಎಡಿಟರಲ್ಲಿ ಚಿತ್ರ ತೆಗೆಯೋಕೆ ಒಂದು ಕವಡೆ ಆಫ್ ಮಾಡಿದ್ವಿ, ಸೇವ್ ಆಗೋಯ್ತು. ಗರ ಹಾಕೋ ಬಟನ್ ಒತ್ತಿದಾಗ ಎಲ್ಲ ಕವಡೆ ಆನ್ ಮಾಡೋ ಬೇರೆ ಸ್ಕ್ರಿಪ್ಟ್ ಇತ್ತು, ಹಾಗಾಗಿ ಪರದೆ ಮೇಲೆ ನಾಲ್ಕು ಕವಡೆ ಕಾಣ್ತಿತ್ತು, ಪೇರೆಂಟಿನ ಅರೇಯಲ್ಲಿ ಮಾತ್ರ ಮೂರು. ಅಂದ್ರೆ ಚೌಕ ಅನ್ನೋದು ಬೀಳೋಕೆ ಸಾಧ್ಯನೇ ಇಲ್ಲ. ಆದ್ರೆ ಯಾರಿಗೆ ಅನುಮಾನ ಬರತ್ತೆ? ಕೋಡಲ್ಲಿ ಬಾಯಿ ಮೇಲೆ ಕೆಳಗೆ ಸಮಸಮ ಇಟ್ರೆ ನಾಲ್ಕು ಕವಡೆಯಲ್ಲಿ ಚೌಕ ಬೀಳೋದೇ 16ಕ್ಕೆ ಒಂದ್ಸಲ. ಇವತ್ತು ಗರ ಬೀಳ್ತಿಲ್ಲ ಅಂತ ಆಡ್ತಾ ಕೂತಿದ್ವಿ. ಕೊನೆಗೆ ಸಿಕ್ಕಿಬಿದ್ದಿದ್ದು ಬಾರದಿಂದ. ಮೂರು ಕವಡೆಯಲ್ಲಿ ಒಂದೂ ಮೇಲಾಗದೇ ಇರೋದು 8ಕ್ಕೆ ಒಂದ್ಸಲ, ಅಂದ್ರೆ ಇರಬೇಕಾದ್ದಕ್ಕಿಂತ ದುಪ್ಪಟ್ಟು, ಒಬ್ಬನೇ ಆಟಗಾರನಿಗೆ ಮೇಲಿಂದ ಮೇಲೆ 8 ಬೀಳ್ತಾ ಹೋದಾಗ ಕೂತು ಸಾವಿರ ಸಲ ಉರುಳಿಸಿ ಎಣಿಸಿದ್ವಿ, 4 ಅನ್ನೋದು ಒಂದ್ಸಲನೂ ಇಲ್ಲ.

ಅವತ್ತಿಂದ ಅವೇಕಲ್ಲಿ ಅರೇ ತುಂಬಿಸಿದ ಮುಂದಿನ ಸಾಲಲ್ಲೇ ಎಣಿಕೆ ನೋಡ್ತೀನಿ: ಉದ್ದ 4 ಇಲ್ಲಾಂದ್ರೆ ಡೀಬಗ್ ಡಾಟ್ ಲಾಗ್‌ಎರರ್. ನೀವೂ ಹಾಕಿ. ಹುಡುಕಿ ತರೋ ಯಾವ ದಾರಿ ಬಳಸಿದ್ರೂ, ಎಷ್ಟು ಸಿಗಬೇಕು ಅನ್ನೋದು ಗೊತ್ತಿದ್ರೆ ಅದನ್ನ ಕೋಡಿಗೂ ಹೇಳಿಡಿ, ಆಗ ತಪ್ಪು ಶುರುವಿನಲ್ಲೇ ಕೂಗಿ ಹೇಳತ್ತೆ.

ಮತ್ತೆ ಇದನ್ನ ಪ್ರತಿ ಫ್ರೇಮಿಗೂ ಓಡೋ ಅಪ್ಡೇಟ್ ಒಳಗೆ ಕರೀಬೇಡಿ. 60 ಫ್ರೇಮಲ್ಲಿ ಓಡೋ ಗೇಮಲ್ಲಿ ಸೆಕೆಂಡಿಗೆ 60 ಸಲ ಮರದ ತುದಿವರೆಗೂ ಹತ್ತಿ ಇಳಿದು, ಪ್ರತಿ ಸಲ ಹೊಸ ಅರೇ ಮಾಡಿ ಬಿಸಾಕತ್ತೆ, ಕಡಿಮೆ ಬೆಲೆಯ ಫೋನಲ್ಲಿ ಆ ಕಸ ಗುಡಿಸೋಕೆ ಗೇಮ್ ಆಗಾಗ ತಡವರಿಸೋದು ಗೊತ್ತಾಗತ್ತೆ. ಮತ್ತೆ ಮತ್ತೆ ಕೇಳಲೇಬೇಕು ಅನ್ನೋ ಕಡೆ ಲಿಸ್ಟ್ ಕೊಡೋ ರೂಪ ಇದೆ, ನಿಮ್ಮ ಹಳೇ ಲಿಸ್ಟನ್ನೇ ತುಂಬಿಸಿ ಕೊಡತ್ತೆ.

ಒಮ್ಮೆ ಹಿಡಿದು ಇಟ್ಕೊಳ್ಳೋಕೆ ಇನ್ನೊಂದು ಕಾರಣನೂ ಇದೆ. ಯಾವ ಮನೆಯಲ್ಲಿ ಯಾವ ಕಾಯಿ ಇದೆ ಅಂತ ಸುಲಭವಾಗಿ ಗೊತ್ತಾಗ್ಲಿ ಅಂತ ಕೆಲವರು ಕಾಯಿಯನ್ನ ಆ ಮನೆಯ ಚೈಲ್ಡ್ ಮಾಡಿಬಿಡ್ತಾರೆ. ಆ ಕ್ಷಣದಿಂದ ಅದು ಆಟಗಾರನ ಚೈಲ್ಡ್ ಅಲ್ಲ, ಆಟಗಾರನ ಕಡೆಯಿಂದ ಆಮೇಲೆ ಹುಡುಕಿದ್ರೆ ಇನ್ನೂ ಆಟಗಾರನ ಪೇರೆಂಟ್ ಒಳಗೇ ಉಳಿದಿರೋ ಕಾಯಿಗಳು ಮಾತ್ರ ಸಿಗ್ತವೆ. ಅವೇಕಲ್ಲೇ ನಾಲ್ಕನ್ನೂ ಅರೇಯಲ್ಲಿ ಇಟ್ಕೊಂಡಿದ್ರೆ ಕಾಯಿ ಬೋರ್ಡಿನ ಯಾವ ಮೂಲೆಗೆ ಹೋದ್ರೂ ತೊಂದ್ರೆ ಇಲ್ಲ.

ಹುಡುಕದೇ ಇರೋದು

ಚೈಲ್ಡನ್ನ ಗೇಮ್ ನಡೀತಿರುವಾಗ ನೀವೇ ಹುಟ್ಟಿಸ್ತಿದ್ರೆ ಹುಡುಕೋ ಮಾತೇ ಬೇಡ, ಇನ್‌ಸ್ಟ್ಯಾನ್ಷಿಯೇಟ್ ಅದನ್ನ ಕೈಗೇ ಕೊಡತ್ತೆ. ಪ್ರಿಫ್ಯಾಬ್ ಫೀಲ್ಡ್‌ನ ಟೈಪ್ ಕಾಯಿ ಅಂತ ಇದ್ರೆ ಹೊರಗೆ ಬರೋದೂ ಕಾಯಿಯೇ, ಸೀದಾ ಲಿಸ್ಟಿಗೆ ಸೇರಿಸಿ. ಹುಟ್ಟಿಸಿದ ಮೇಲೆ ಕೈಯಲ್ಲಿದ್ದಿದ್ದನ್ನ ಬಿಟ್ಟು, ಮುಂದಿನ ಸಾಲಲ್ಲೇ ಹೆಸರು ಹಿಡಿದು ಹುಡುಕೋ ಕೋಡನ್ನ ನಾನು ಎಷ್ಟೋ ಕಡೆ ನೋಡಿದೀನಿ.

ಬೇರೆ ಬೇರೆ ಕಡೆಯಿಂದ ಬಂದು ಸೇರೋ ಚೈಲ್ಡ್‌ಗಳಾದ್ರೆ ಉಲ್ಟಾ ದಾರಿ ಒಳ್ಳೇದು: ಚೈಲ್ಡೇ ತನ್ನ ಆನ್‌ಎನೇಬಲಲ್ಲಿ ಗೆಟ್‌ಕಾಂಪೊನೆಂಟ್‌ಇನ್‌ಪೇರೆಂಟ್ ಕರೆದು ಪೇರೆಂಟ್ ಹತ್ರ ಹೆಸರು ಬರೆಸ್ಲಿ, ಆನ್‌ಡಿಸೇಬಲಲ್ಲಿ ತೆಗೆಸ್ಲಿ. ಒಂದೇ ಎಚ್ಚರ, ಬೇರೆ ಬೇರೆ ಆಬ್ಜೆಕ್ಟ್‌ಗಳ ಅವೇಕ್ ಯಾವುದು ಮೊದಲು ಓಡತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ, ಹಾಗಾಗಿ ಪೇರೆಂಟಿನ ಲಿಸ್ಟನ್ನ ಅವೇಕಲ್ಲಿ ಮಾಡಬೇಡಿ, ಫೀಲ್ಡ್ ಬರೆಯೋ ಸಾಲಲ್ಲೇ ನ್ಯೂ ಅಂತ ಮಾಡಿಡಿ.

ಎಳೆದು ಹಾಕೋದು ಬೇಕು ಆದ್ರೆ ಕೈಯಿಂದ ಎಳೆಯೋಕೆ ಬೇಜಾರು ಅನ್ನೋರಿಗೆ ಮಧ್ಯದ ದಾರಿನೂ ಇದೆ, ನನ್ನ ಹೊಸ ಸ್ಕ್ರಿಪ್ಟುಗಳಲ್ಲಿ ಈಗ ಇದನ್ನೇ ಹೆಚ್ಚು ಬಳಸ್ತಿರೋದು. ಸ್ಕ್ರಿಪ್ಟಲ್ಲಿ ರೀಸೆಟ್ ಅನ್ನೋ ಮೆಥಡ್ ಬರೆದು ಅದರೊಳಗೆ ಗೆಟ್‌ಕಾಂಪೊನೆಂಟ್ಸ್‌ಇನ್‌ಚಿಲ್ಡ್ರನ್ ಕರೀರಿ. ಸ್ಕ್ರಿಪ್ಟನ್ನ ಆಬ್ಜೆಕ್ಟಿಗೆ ಸೇರಿಸಿದ ಕ್ಷಣ ಎಡಿಟರ್ ಅದನ್ನ ಓಡಿಸತ್ತೆ, ಸಿಕ್ಕಿದ್ದೆಲ್ಲ ಫೀಲ್ಡಲ್ಲಿ ಕೂರತ್ತೆ, ಸೇವ್ ಆಗತ್ತೆ. ಹುಡುಕಾಟ ಎಡಿಟರಲ್ಲೇ ಮುಗೀತು, ಗೇಮ್ ಓಡುವಾಗ ಹುಡುಕೋದೇನೂ ಇಲ್ಲ, ಏನು ಸಿಕ್ಕಿದೆ ಅಂತ ಇನ್‌ಸ್ಪೆಕ್ಟರಲ್ಲಿ ಕಣ್ಣಾರೆ ನೋಡಬಹುದು. ಮೂರೇ ಕವಡೆ ಸಿಕ್ಕಿದ್ರೆ ಅಲ್ಲೇ ಮೂರು ಅಂತ ಕಾಣ್ತಿತ್ತು. ಆಮೇಲೆ ಹೊಸ ಚೈಲ್ಡ್ ಸೇರಿಸಿದ್ರೆ ಕಾಂಪೊನೆಂಟಿನ ಮೆನುವಿಂದ ರೀಸೆಟ್ ಇನ್ನೊಮ್ಮೆ ಒತ್ತಬೇಕು, ಆದ್ರೆ ಅದು ಉಳಿದ ಫೀಲ್ಡ್‌ಗಳನ್ನೂ ಮೊದಲಿನ ಬೆಲೆಗೆ ತರತ್ತೆ. ಅದು ಬೇಡ ಅಂದ್ರೆ ಕಾಂಟೆಕ್ಸ್ಟ್‌ಮೆನು ಅನ್ನೋ ಗುರುತು ಹಾಕಿ ಬೇರೆ ಮೆಥಡ್ ಮಾಡ್ಕೊಳ್ಳಿ.

ಯೂನಿಟಿ ಥರದ್ದೇ ಇನ್ನೊಂದು ಸಾಫ್ಟ್‌ವೇರ್ ಗೊಡೊ ಬಳಸೋರಿಗೂ ಒಂದು ಮಾತು, ಅಲ್ಲೂ ಇದೇ ಗೊಂದಲ ಬೇರೆ ವೇಷದಲ್ಲಿ ಇರತ್ತೆ. ಡಾಲರ್ ಗುರುತು ಹಾಕಿ ಬರೆಯೋದು ಹೆಸರಿನ ದಾರಿಯನ್ನೇ ನಂಬೋದು, ನೋಡ್ (ಅಲ್ಲಿ ಆಬ್ಜೆಕ್ಟಿಗೆ ಹೀಗಂತಾರೆ) ಬೇರೆ ಕಡೆ ಸರಿಸಿದ್ರೆ ಮುರಿಯತ್ತೆ. 2022ರಲ್ಲಿ ಬಂದ 3.5 ಆವೃತ್ತಿಯಿಂದ ನೋಡಿಗೆ ಯುನೀಕ್ ನೇಮ್ ಕೊಟ್ಟು ಶೇಕಡಾ ಗುರುತಿಂದ ಕರೆಯಬಹುದು, ಅದೇ ಸೀನ್ ಒಳಗೆ ಎಲ್ಲಿಗೆ ಸರಿಸಿದ್ರೂ ಸಿಗತ್ತೆ. ಎಕ್ಸ್‌ಪೋರ್ಟ್ ಮಾಡಿ ಎಳೆದು ಹಾಕೋದು ಅಲ್ಲೂ ಇದೆ, ನಾನು ಅಲ್ಲೂ ಅದನ್ನೇ ಮೊದಲು ನೋಡ್ತೀನಿ.

ಇನ್ನು ಚೈಲ್ಡ್‌ಗಳನ್ನ ತೆಗೆದುಹಾಕುವಾಗಿನ ಒಂದು ಬಲೆ, ಯಾವ ದಾರಿ ಆರಿಸಿದ್ರೂ ಇದು ಎದುರಾಗೇ ಆಗತ್ತೆ. ಕಾಯಿ ಎಲ್ಲೆಲ್ಲಿಗೆ ಹೋಗಬಹುದು ಅಂತ ತೋರಿಸೋಕೆ ಬೋರ್ಡ್ ಮೇಲೆ ಚುಕ್ಕಿಗಳನ್ನ ಇಡ್ತೀವಿ, ಪ್ರತಿ ಸರದಿಗೂ ಹಳೇದು ಅಳಿಸಿ ಹೊಸದು. ಚೈಲ್ಡ್‌ಕೌಂಟ್ 0 ಆಗೋವರೆಗೂ ಮೊದಲನೇ ಚೈಲ್ಡನ್ನ ಡೆಸ್ಟ್ರಾಯ್ ಮಾಡು ಅಂತ ವೈಲ್ ಲೂಪ್ ಬರೆದ್ರೆ ಎಡಿಟರ್ ಅಲ್ಲೇ ಹೆಪ್ಪುಗಟ್ಟಿ ನಿಲ್ಲತ್ತೆ, ಟಾಸ್ಕ್ ಮ್ಯಾನೇಜರಿಂದ ಮುಚ್ಚಬೇಕಾಗತ್ತೆ, ಸೇವ್ ಮಾಡದೇ ಇದ್ದಿದ್ದೆಲ್ಲ ಹೋಯ್ತು. ಯಾಕಂದ್ರೆ ಡೆಸ್ಟ್ರಾಯ್ ಆ ಕ್ಷಣಕ್ಕೆ ಏನನ್ನೂ ತೆಗೆಯಲ್ಲ, ಆ ಫ್ರೇಮಿನ ಕೊನೆಗೆ ತೆಗೆಯತ್ತೆ, ಅಲ್ಲಿವರೆಗೂ ಚೈಲ್ಡ್‌ಕೌಂಟ್ ಇದ್ದ ಹಾಗೇ ಇರತ್ತೆ. ಡೆಸ್ಟ್ರಾಯ್‌ಇಮೀಡಿಯಟ್ ಹಾಕಿದ್ರೆ ಆಯ್ತಲ್ಲ ಅನ್ಸತ್ತೆ, ಆದ್ರೆ ಅದು ಎಡಿಟರ್ ಕೆಲಸಕ್ಕೆ ಇರೋದು, ಗೇಮ್ ಒಳಗೆ ಬಳಸಬೇಡಿ. ಕೊನೆಯ ನಂಬರಿಂದ 0ವರೆಗೆ ಹಿಂದಕ್ಕೆ ಎಣಿಸ್ಕೊಂಡು ಒಂದೊಂದನ್ನ ಸೆಟ್‌ಪೇರೆಂಟ್ ನಲ್ ಮಾಡಿ ಆಮೇಲೆ ಡೆಸ್ಟ್ರಾಯ್ ಮಾಡಿದ್ರೆ ಎಣಿಕೆನೂ ಕೂಡ್ಲೇ ಸರಿ ಇರತ್ತೆ. ಹಿಂದಿಂದ ಯಾಕೆ ಅಂದ್ರೆ, ಮುಂದಿಂದ ತೆಗೀತಾ ಹೋದ್ರೆ ಉಳಿದವು ಒಂದೊಂದು ಸ್ಥಾನ ಮುಂದೆ ಜಾರಿ ಒಂದು ಬಿಟ್ಟು ಒಂದು ಉಳ್ಕೊಳ್ತವೆ, ಫಾರ್‌ಈಚಲ್ಲೂ ಅದೇ ಕಥೆ. ನಮ್ಮ ಚುಕ್ಕಿಗಳಿಗೆ ಕೊನೆಗೆ ನಾವು ಮಾಡಿದ್ದು ಇನ್ನೂ ಸರಳ: 25 ಮನೆಗೂ ಒಂದೊಂದು ಚುಕ್ಕಿ ಮೊದಲೇ ಇಟ್ಟು, ಮನೆ ಸ್ಕ್ರಿಪ್ಟಿನ ಫೀಲ್ಡಿಗೆ ಎಳೆದು ಹಾಕಿ, ಬೇಕಾದಾಗ ಆನ್, ಬೇಡವಾದಾಗ ಆಫ್.